ಮಾಮಾನಿಗೆ ಮಾಡದೆ ಬಿಟ್ಟ ಫೋನ್

ಅಕ್ಕಾ, ನಿನ್ನ ಗಂಡ ಬೀರಪ್ಪ ಮಾಮಾ ನಿನ್ನನ್ನು ಬಿಟ್ಟಿರಲಿಲ್ಲ. ಅವರು ಮನೆಗೆ ಬರುವ ದಾರಿ ಮುಚ್ಚಿದವನು ನಾನು — ನಿನ್ನ ಬೆನ್ನಿಗೆ ಬಿದ್ದ ತಮ್ಮ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅದೂ ಇದೂ ಮಾತಾಡುತ್ತ ಮತ್ತೆ ನುಣುಚಿಕೊಳ್ಳುತ್ತೇನೆ. ನುಣುಚಿಕೊಳ್ಳುವುದರಲ್ಲಿ ನನ್ನಷ್ಟು ಪಳಗಿದವನು ಈ ಹೊರ್ತಿ ಊರಲ್ಲಿ ಇನ್ನೊಬ್ಬನಿಲ್ಲ.

ಒಂದೇ ಅಂಗಳದಲ್ಲಿದ್ದುಕೊಂಡು ಕಾಗದ ಬರೆಯುವುದೇನು ಎಂದು ನೀನು ಕೇಳಬಹುದು. ಎದುರು ಕೂತು ಹೇಳಬೇಕೆಂದು ಎರಡು ಸಲ ಬಂದಿದ್ದೆ. ಒಮ್ಮೆ ನೀನು ನಿಂಬೆ ತೋಟದ ಕೂಲಿ ಮುಗಿಸಿ ಬಂದು, ಕೈಗೆ ಹೊಕ್ಕ ಮುಳ್ಳು ತೆಗೆಯುತ್ತ ಕೂತಿದ್ದೆ. ಇನ್ನೊಮ್ಮೆ ನೀನೇ ಚಹಾ ಕೊಟ್ಟೆ. ಕುಡಿದೆ, ಲೋಟ ಇಟ್ಟು ಎದ್ದು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ಮಗಳು ಭಾಗ್ಯಾಳ ಕೈಯಲ್ಲಿ ಓದಿಸಬೇಡ, ನೀನೇ ಓದು. ಅವಳು ತನ್ನ ಅಪ್ಪನ ಬಗ್ಗೆ ಇದುವರೆಗೆ ಕೇಳಿದ್ದೆಲ್ಲ ನನ್ನ ಬಾಯಿಂದ ಹುಟ್ಟಿದ ಸುಳ್ಳು. ನಿಜವನ್ನಾದರೂ ಅವಳು ನಿನ್ನ ಬಾಯಿಂದ ಕೇಳಲಿ.

ಮೊದಲಿನಿಂದ ಹೇಳುತ್ತೇನೆ. ನಾನೂ ಮಾಮಾನೂ ದುಬೈಗೆ ಹೋದಾಗ — ನಮ್ಮ ಊರಲ್ಲಿ ಆ ಕಡೆಯ ಮರಳೆಲ್ಲ ದುಬೈಯೇ ಅಲ್ಲವೇ — ನೀನು ಬಸಿರಿಯಾಗಿದ್ದೆ. ಏಜೆಂಟ್ ನಮ್ಮನ್ನು ಸುಮ್ಮನೆ ನೋಡಿ ಬರುವವರ ವೀಸಾದ ಮೇಲೆ ಕಳಿಸಿದ್ದ. ‘ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಆಗತೈತಿ’ ಅಂದಿದ್ದ. ಆಗಲಿಲ್ಲ. ಏಜೆಂಟನ ಫೋನ್ ಸತ್ತೇ ಹೋಯಿತು. ವೀಸಾದ ಅವಧಿ ಮುಗಿಯಿತು, ನಾವು ಮಾತ್ರ ಮುಗಿಯದೆ ಅಲ್ಲೇ ಉಳಿದೆವು. ನಮ್ಮಂಥವರಿಗೆ ಅಲ್ಲಿ ‘ಖಲ್ಲಿವಲ್ಲಿ’ ಎನ್ನುತ್ತಾರೆ, ಹೇಳುವವರು ಕೇಳುವವರು ಇಲ್ಲದವರು. ಪಾಸ್‌ಪೋರ್ಟ್ ಎರಡೂ ಅರಬಾಬನ, ಅಂದರೆ ಕುರಿಗಳ ಮಾಲೀಕನ ಕಪಾಟಿನಲ್ಲಿದ್ದವು. ನಾವು ಅವನ ಕುರಿಗಳ ಜೊತೆ ಮರಳಿನ ನಡುವೆ, ತಗಡಿನ ಒಂದು ಕೋಣೆಯಲ್ಲಿದ್ದೆವು.

ಮಾಮಾ ಅಲ್ಲಿಯೂ ಮಾಮಾನೇ. ಅವರಿಗೆ ಹಿಂದಿ ಬರಲಿಲ್ಲ, ಅರಬ್ಬಿ ಬರಲಿಲ್ಲ, ಕಲಿಯುವ ಹಟವೂ ಇರಲಿಲ್ಲ. ತಾವು ಕಲಿಯುವ ಬದಲು ಕುರಿಗಳಿಗೇ ನಮ್ಮ ಕಡೆಯ ಕೂಗು ಕಲಿಸಿಬಿಟ್ಟರು. ಅರಬಾಬನ ಕುರಿಗಳು ಅರಬಾಬ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ, ಮಾಮಾ ‘ಹುರ್ರ್’ ಅಂದರೆ ಓಡಿ ಬರುತ್ತಿದ್ದವು. ಮಾತಿನ ವ್ಯವಹಾರವೆಲ್ಲ ನನ್ನದು. ಅರಬಾಬ ಹೇಳಿದ್ದನ್ನು ಮಾಮಾನಿಗೆ, ಮಾಮಾ ಹೇಳಿದ್ದನ್ನು ಅರಬಾಬನಿಗೆ ಮುಟ್ಟಿಸುವವನು ನಾನು. ಇಬ್ಬರೂ ನನ್ನ ನಾಲಿಗೆಯನ್ನೇ ನಂಬಿಕೊಂಡಿದ್ದರು.

ಎರಡನೆಯ ವರ್ಷ ಮಾಫಿ ಬಂತು. ಅವಧಿ ಮೀರಿ ಉಳಿದವರು ಇಂತಿಷ್ಟು ದಿನದೊಳಗೆ ಬಂದು ಹೆಸರು ಕೊಟ್ಟರೆ ದಂಡವಿಲ್ಲ, ಜೈಲಿಲ್ಲ, ಊರಿಗೆ ಹೋಗಬಹುದು, ಮುಂದೆ ಸರಿಯಾದ ವೀಸಾದ ಮೇಲೆ ವಾಪಸ್ಸು ಬರಲೂಬಹುದು. ಅರಬಾಬ ಒಂದು ದಿನ ಬಂದು ನನಗೆ ಹೇಳಿದ ಮಾತು ಇದು: ದೊಡ್ಡವನು ಮೊದಲು ಹೋಗಲಿ, ಅವನಿಗೆ ಹೆಂಡತಿ-ಮಗು ಇದೆ, ಅವನು ಹೋದ ಕೂಡಲೇ ನಾನು ಕೆಲಸದ ವೀಸಾ ಕಳಿಸಿ ಕರೆಸಿಕೊಳ್ಳುತ್ತೇನೆ. ಆದರೆ ಕುರಿಗಳ ಹತ್ತಿರ ಒಬ್ಬ ಇರಲೇಬೇಕು, ಇಬ್ಬರೂ ಹೋದರೆ ಇಬ್ಬರಿಗೂ ವೀಸಾ ಇಲ್ಲ.

ಅವನು ದೊಡ್ಡವನು ಅಂದ, ಅಕ್ಕಾ. ಬೀರಪ್ಪ ಅಂತ ಹೆಸರು ಹಿಡಿದು ಅಂದ. ನಾನು ಅಲ್ಲೇ ನಿಂತ ಹೆಜ್ಜೆಯಲ್ಲಿ ಉತ್ತರ ಕೊಟ್ಟೆ: ಅವನು ಊರಿಗೆ ಹೋಗಲು ಒಲ್ಲೆ ಅನ್ನುತ್ತಾನೆ, ನಾನು ಹೋಗುತ್ತೇನೆ.

ಆಗ ನನಗೆ ಮುದ್ದೇಬಿಹಾಳದ ಹುಡುಗಿ ನಿಶ್ಚಯವಾಗಿತ್ತು, ನಿನಗೆ ಗೊತ್ತು. ಅವರಪ್ಪ ಇನ್ನೂ ತಡವಾದರೆ ಬೇರೆ ಕಡೆ ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದ. ಇದನ್ನು ಕಾರಣವೆಂದು ಹೇಳುತ್ತಿಲ್ಲ — ನಡೆದದ್ದು ಹಾಗೆ, ಅಷ್ಟೇ. ನನ್ನ ಹೆಂಡತಿಯಾಗಿ ಬಂದ ಸುರೇಖಾಳಿಗೆ ಇದೊಂದೂ ಗೊತ್ತಿಲ್ಲ. ತನ್ನ ತಾಳಿ ಯಾರ ಹೊಟ್ಟೆಯ ಮೇಲೆ ಕಾಲಿಟ್ಟು ಬಂದದ್ದು ಎಂದು ಅವಳೂ ನಿನ್ನ ಜೊತೆಗೇ ತಿಳಿಯುತ್ತಾಳೆ.

ಆ ಸಂಜೆ ಮಾಮಾನಿಗೆ ಇನ್ನೊಂದೇ ಕಥೆ ಹೇಳಿದೆ.

“ಮಾಮಾ, ಮಾಫಿ ಅನ್ನೂದು ಬಲಿ ಐತ್ರಿ. ಹೆಸರು ಕೊಟ್ಟವ್ರನ್ನ ಗೇಟಿನ್ಯಾಗ ಹಿಡೀತಾರಂತ. ನಾ ಮೊದಲ ಹೋಗಿ ನೋಡ್ತೇನಿ. ಮೋಸ ಇಲ್ಲಂದ್ರ ಯಾವ ಕಡಿಂದ ಹೋಗ್ಬೇಕು, ಯಾರಿಗಿ ಕೇಳ್ಬೇಕು, ಎಲ್ಲಾ ಫೋನ್ ಮಾಡಿ ಹೇಳ್ತೇನಿ. ನನ್ನ ಫೋನ್ ಬರೂತನಾ ನೀವು ಕುರಿ ಬಿಟ್ಟು ಕದಲಬ್ಯಾಡ್ರಿ. ಯಾರ ಮುಂದನೂ ಬಾಯಿ ಬಿಡಬ್ಯಾಡ್ರಿ. ಅಕ್ಕಗೂ ಹೇಳಬ್ಯಾಡ್ರಿ, ಹೆದರ್ತಾಳ.”

ಮಾಮಾ ನನ್ನ ಮುಖ ನೋಡಿದರು. “ನನ್ನ ಸಲುವಾಗಿ ನೀ ಬಲ್ಯಾಗ ಕಾಲಿಡ್ತೀಯೇನೋ ಮಾಳ್ಯಾ?” ಅಂದರು. ಅವರ ಕಣ್ಣು ತುಂಬಿತ್ತು, ಅಕ್ಕಾ.

ಆಮೇಲೆ ಚೀಲದಿಂದ ಭಂಡಾರದ ಗಂಟು ತೆಗೆದರು. ನಮ್ಮ ದೇವರು ಮಾಳಿಂಗರಾಯನ ಭಂಡಾರ, ಊರಿಂದ ಹೊರಡುವಾಗ ನೀನೇ ಬಟ್ಟೆಯಲ್ಲಿ ಕಟ್ಟಿ ಕೊಟ್ಟ ಅರಿಸಿನ. ಅಂಗೈಯಲ್ಲಿ ಹಿಡಿದು, ನನ್ನ ಫೋನ್ ಬರುವ ತನಕ ಅಲ್ಲಿಂದ ಕದಲುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ನನ್ನ ಹಣೆಗೂ ಹಚ್ಚಿದರು. ಭಂಡಾರ ಮುಟ್ಟಿ ಆಡಿದ ಮಾತನ್ನು ನಮ್ಮ ಮಂದಿ ಮುರಿಯುವುದಿಲ್ಲ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿ ಬಂದವರೂ ಭಂಡಾರದ ಮುಂದೆ ಬಾಯಿ ಬಿಗಿಹಿಡಿಯುತ್ತಾರೆ. ನಾನು ಹಣೆಯ ಮೇಲೆ ಅದನ್ನು ಹೊತ್ತುಕೊಂಡೇ ಜೀಪು ಹತ್ತಿದೆ.

ಹೆಸರು ಕೊಡುವಲ್ಲಿ ಬಲೆಯೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಡೇರೆ ಹಾಕಿ, ಫ್ಯಾನ್ ಹಚ್ಚಿ, ನೀರಿನ ಬಾಟಲಿ ಕೊಟ್ಟು ಕೂರಿಸಿದರು. ಬೆರಳಚ್ಚು ತೆಗೆದುಕೊಂಡರು, ಅರಬಾಬ ಕೊಟ್ಟು ಕಳಿಸಿದ್ದ ಪಾಸ್‌ಪೋರ್ಟಿಗೆ ಹೋಗುವ ಪರವಾನಗಿ ಕೊಟ್ಟರು. ‘ಮತ್ತೆ ಬರುವುದಾದರೆ ಸರಿಯಾದ ವೀಸಾದಲ್ಲಿ ಬಾ’ ಎಂದು ಒಬ್ಬ ಅಧಿಕಾರಿ ನಕ್ಕು ಹೇಳಿದ. ಅಲ್ಲಿಂದ ಹೊರಬಂದ ಕೂಡಲೇ ಫೋನ್ ಕೈಗೆ ತೆಗೆದುಕೊಂಡೆ. ಮಾಮಾನ ನಂಬರ್ ಒತ್ತಿದೆ ಕೂಡ. ಮಾಮಾ ಹೊರಟುಬಿಟ್ಟರೆ ಕುರಿ ಕಾಯುವವರಿಲ್ಲ, ಕುರಿ ಕಾಯುವವರಿಲ್ಲದಿದ್ದರೆ ನನ್ನ ವೀಸಾ ಇಲ್ಲ —

ಫೋನ್ ಜೇಬಿಗೆ ಹಾಕಿದೆ. ಊರಿಗೆ ಹೋಗಿ ಮಾಡಿದರಾಯಿತು ಅಂದುಕೊಂಡೆ. ಮದುವೆ ಮುಗಿಯಲಿ ಅಂದುಕೊಂಡೆ.

ಇನ್ನು ಮುಂದಿನದರಲ್ಲಿ ನೀನೂ ಇದ್ದೀಯ. ನೆನಪು ಮಾಡಿಕೊ. ನನ್ನ ಅರಿಸಿನದ ದಿನ ನೀನು ಬಂದು, “ಮಾಳು, ನಿಮ್ಮ ಮಾಮಾ ಫೋನ್ ಮಾಡಿದ್ರು. ನಿನಗ ಒಂದು ಫೋನ್ ಹಚ್ಚಾಕ ಹೇಳಂದ್ರು” ಅಂದೆ. ನಾನು “ಮಾಡೇನಿ ಬಿಡಕ್ಕಾ” ಅಂದೆ. ಮುಂದಿನ ವಾರ ಮತ್ತೆ ಹೇಳಿದೆ. ಮತ್ತೆ ‘ಮಾಡೇನಿ’ ಅಂದೆ. ಮಾಫಿ ಮುಗಿಯಲು ಬಂದಿತ್ತು. ಹೋದವರೆಲ್ಲ ಬರುತ್ತಿದ್ದಾರೆ, ಅವರ್ಯಾಕೆ ಹೊರಟಿಲ್ಲ ಎಂದು ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಭಾಗ್ಯಾ ನಿನ್ನ ಸೊಂಟದ ಮೇಲಿದ್ದಳು. ಆಗ ನಾನು ಹೇಳಿದ ಮಾತು ನಿನಗೆ ಮರೆತಿರಲಿಕ್ಕಿಲ್ಲ.

“ನಾ ಹೇಳೇನಿ ಅಕ್ಕಾ. ಅವ್ರ ಒಲ್ಲೆ ಅಂದ್ರು. ಅವ್ರ ಮನಸ್ಸು ಅಲ್ಲೇ ಕುಂತೈತಿ.”

ಹೆಂಗಸು ಎಂಬ ಶಬ್ದ ನಾನು ಆಡಲಿಲ್ಲ. ಆಡುವ ಅವಶ್ಯಕತೆಯೂ ಇರಲಿಲ್ಲ, ನೀನೇ ತಿಳಿದುಕೊಂಡೆ, ಊರೂ ತಿಳಿದುಕೊಂಡಿತು. ಅವತ್ತೇ ಮಾಮಾನಿಗೆ ಫೋನ್ ಮಾಡಿ, “ಬರ್ತೀರೋ ಇಲ್ಲೋ, ಒಂದ ಮಾತು ಹೇಳ್ರಿ” ಅಂದೆಯಂತೆ. ಅವರು “ಇನ್ನೊಂದೀಟು ತಡಿ” ಅಂದರಂತೆ. ಭಂಡಾರ ಮುಟ್ಟಿದವರು ಇನ್ನೇನು ಹೇಳಿಯಾರು? ನನಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೋಗಿ ಅವರು ನಿನ್ನನ್ನು ಕಳೆದುಕೊಂಡರು. ಅಂದಿನಿಂದ ನೀನು ಅವರ ಫೋನ್ ಎತ್ತಲಿಲ್ಲ.

ಸಿಂದಗಿಯ ಮೈಬೂಬ ಎಂಬೊಬ್ಬ ಅಲ್ಲಿ ಕುರಿಗಳಿಗೆ ನೀರಿನ ಟ್ಯಾಂಕರ್ ತರುತ್ತಿದ್ದ. ಅವನೇ ನನಗೆ ಆಮೇಲೆ ಹೇಳಿದ್ದು. “ಕಾಕಾ, ಮಾಫಿ ಮುಗಿಯಾಕ ಬಂತ್ರಿ, ಗಾಡಿ ಏರ್ರಿ, ನಾನೇ ಬಿಡ್ತೇನಿ” ಎಂದು ಬಂದಾಗಲೆಲ್ಲ ಕರೆದನಂತೆ. ಮಾಮಾ ಕಾರಣ ಹೇಳದೆ ತಲೆ ಅಲ್ಲಾಡಿಸುತ್ತಿದ್ದರಂತೆ. ಕೊನೆಯ ದಿನಗಳಲ್ಲಿ ಸಿಗ್ನಲ್ ಸಿಗುವ ದಿಬ್ಬದ ಮೇಲೆಯೇ ಫೋನ್ ಹಿಡಿದು ಕೂತಿರುತ್ತಿದ್ದರು, ಕುರಿಗಳೂ ಅಲ್ಲೇ ಸುತ್ತ ಮಲಗಿರುತ್ತಿದ್ದವು ಎಂದ. ಅವನು ಇದನ್ನು ಹೇಳುವಾಗ ನಾನು ಟ್ಯಾಂಕರಿನ ಗಾಲಿ ನೋಡುತ್ತಿದ್ದೆ.

ಮದುವೆಯಾಯಿತು. ವೀಸಾ ಬಂತು. ಇಂಡಿ ರೋಡ್ ಸ್ಟೇಷನ್ನಿಗೆ ನೀನೇ ಬುತ್ತಿ ಕಟ್ಟಿಕೊಂಡು ಕಳಿಸಲು ಬಂದಿದ್ದೆ. ಸರಿಯಾದ ಕಾಗದ, ಸರಿಯಾದ ಮುದ್ರೆ, ಎದೆ ಉಬ್ಬಿಸಿಕೊಂಡು ಹೋದೆ. ಅರಬಾಬನ ಗಾಡಿಯಿಂದ ಇಳಿದಾಗ ಮಾಮಾ ಕುರಿಗೆ ಮೇವು ಹಾಕುತ್ತಿದ್ದರು. ನನ್ನ ಹೊಸ ಅಂಗಿ, ಕೊರಳಲ್ಲಿ ಜೋತುಬಿದ್ದ ಕೆಲಸದ ಕಾರ್ಡು ನೋಡಿದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಎಷ್ಟೋ ಚಲೋ ಇತ್ತು.

“ಫೋನ್ ಯಾಕ ಮಾಡ್ಲಿಲ್ಲೋ?” ಅಂದರು. ಅಷ್ಟೇ.

ಅವರು ಕೈಯಲ್ಲಿದ್ದ ಮೇವು ಪೂರ್ತಿ ಹಾಕಿ ಮುಗಿಸಿದರು. ಎರಡು ದಿನ ಬಿಟ್ಟು, ಹೇಳದೆ ಕೇಳದೆ, ಪಾಸ್‌ಪೋರ್ಟೂ ಇಲ್ಲದೆ ಹೊರಟು ಹೋದರು. ಆರು ವರ್ಷ, ಅಕ್ಕಾ. ಅಲ್ಲಿ ಇಲ್ಲಿ, ಕಟ್ಟಡದ ಕೆಲಸ, ಖರ್ಜೂರದ ತೋಟ, ಪೊಲೀಸರ ಗಾಡಿ ಕಂಡರೆ ಅಡಗುವ ಬದುಕು. ನಾನು ಮಾತ್ರ ವರ್ಷಕ್ಕೊಮ್ಮೆ ಊರಿಗೆ ಬಂದೆ, ಭಾಗ್ಯಾಳಿಗೆ ಚಾಕೊಲೇಟ್ ತಂದೆ. ‘ತಮ್ಮ ಹೋಗಿ ಬರ್ತಾನ, ಗಂಡಗೇನಾಗೇತಿ ಧಾಡಿ’ ಎಂದು ಕಟ್ಟೆಯ ಮೇಲಿನವರು ಅನ್ನುವಾಗ ಹೆಗಲು ಮುಟ್ಟಿ ನೋಡಿಕೊಳ್ಳುತ್ತ ದಾಟಿ ಹೋದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನೀನು ಆ ಬೇಲಿಗೇ ನೀರು ಹಾಕುತ್ತಿದ್ದೆ.

ಹೋದ ವರ್ಷ ಮತ್ತೆ ಮಾಫಿ ಬಂತು. ಈ ಸಲ ಮಾಮಾ ಯಾರ ಫೋನನ್ನೂ ಕಾಯಲಿಲ್ಲ. ಮೈಬೂಬನ ಜೊತೆ ಹೋಗಿ ನಮ್ಮ ದೇಶದ ಕಚೇರಿಯಲ್ಲಿ ಪಾಸ್‌ಪೋರ್ಟಿನ ಬದಲು ಔಟ್ ಪಾಸ್ ಮಾಡಿಸಿಕೊಂಡು, ಒಂದು ಕೈಚೀಲದ ಜೊತೆ ಹೊರ್ತಿಗೆ ಬಂದು ಇಳಿದರು. ನೀನು ಬಾಗಿಲು ಹಾಕಿಕೊಂಡೆ. ನಾನು ಒಳಗಿದ್ದೆ. ರಜೆಗೆ ಬಂದಿದ್ದೆ — ನಿನ್ನ ಹಿಂದೆ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವರು ಹೊರಗೆ ಸ್ವಲ್ಪ ಹೊತ್ತು ನಿಂತು, ನಿಡಗುಂದಿಯ ತಂಗಿಯ ಮನೆಗೆ ಹೋದರು.

ಈ ಸಲವೂ ರಜೆಗೆ ಬಂದವನು ಹೋದ ವಾರ ನಿಡಗುಂದಿಗೆ ಹೋಗಿದ್ದೆ. ಇಂಡಿಯಲ್ಲಿ ಕೆಲಸವಿದೆ ಎಂದು ನಿನಗೆ ಹೇಳಿ ಹೋದದ್ದು ಅಲ್ಲಿಗೇ. ಮಾಮಾನಿಗೆ ಈಗ ಕೆಲಸದ ವೀಸಾ ಬಂದಿದೆ, ಮೈಬೂಬ ತನ್ನ ಕಂಪನಿಯಲ್ಲಿ ಹೇಳಿ ಮಾಡಿಸಿದ್ದು. ವೈದ್ಯಕೀಯ ತಪಾಸಣೆ ಆಗಿದೆ, ಸೋಮವಾರ ಸೋಡಚೀಟಿಗೆ ಸಹಿ ಬಿದ್ದು ನಿಮ್ಮಿಬ್ಬರ ಸಂಬಂಧ ಹರಿದ ಮೇಲೆ ಹೊರಡುತ್ತಾರೆ. ತಲೆ ಪೂರ್ತಿ ಬೆಳ್ಳಗಾಗಿದೆ. ಕಾಲು ಹಿಡಿದುಕೊಂಡೆ. ಸೋಮವಾರ ಹಿರಿಯರ ಮುಂದೆ ಎಲ್ಲ ಹೇಳಿಬಿಡ್ರಿ, ನನ್ನ ಹೆಸರು ತೆಗೀರಿ ಅಂದೆ. ಅವರು ಕಾಲು ಬಿಡಿಸಿಕೊಂಡರು.

“ನಾ ಹೇಳಂಗಿಲ್ಲ. ಗಂಡಂತೂ ಆಕಿ ಪಾಲಿಗೆ ಯಾವಾಗೋ ಸತ್ತಾನ. ಈಗ ತಮ್ಮನೂ ಇಲ್ಲಂದ್ರ ಆಕಿ ಯಾರ ಮನಿಗಿ ಹೋಗಬೇಕು? ಹೆಣ್ಮಗಳಿಗಿ ತವರರೆ ಇರ್ಲಿ.”

ನಾಚಿಕೆಗೇಡು ನೋಡು, ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಚೆನ್ನಾಗಿ ನಿದ್ದೆ ಮಾಡಿದೆ. ಬದುಕಿದೆ ಅಂದುಕೊಂಡೆ. ನಿನ್ನೆ ಹಿರಿಯರು ಮನೆಗೆ ಬಂದು ಸೋಮವಾರದ ಮಾತು ತೆಗೆದಾಗ, ನೀನು ಎಲ್ಲರ ಮುಂದೆ ನನ್ನ ಕಡೆ ಕೈ ಮಾಡಿ, “ಗಂಡ ಮೋಸ ಮಾಡಿದ್ರೂ ನನ್ನ ತಮ್ಮ ಮಾಡ್ಲಿಲ್ರಿ” ಅಂದೆ.

ಅದನ್ನು ಕೇಳಿದ ಮೇಲೂ ಸುಮ್ಮನಿದ್ದರೆ — ಇಲ್ಲ, ಆಗುವುದಿಲ್ಲ. ನಿನಗೆ ಮೋಸವಾದದ್ದು ನಿಜ, ಅಕ್ಕಾ. ಇಷ್ಟು ವರ್ಷ ನೀನು ಅತ್ತದ್ದು, ಶಾಪ ಹಾಕಿದ್ದು, ಎಲ್ಲ ನ್ಯಾಯವೇ. ಮೋಸ ಮಾಡಿದ ಮನುಷ್ಯ ಮಾತ್ರ ಬೇರೆ.

ಸೋಮವಾರ ಸೋಡಚೀಟಿಗೆ ಸಹಿ ಹಾಕಬೇಡ. ಹಿರಿಯರ ಮುಂದೆ ನಾನು ಮೊದಲು ಏಳುತ್ತೇನೆ, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಮಾಮಾನ ಜೊತೆ ಬಾಳುವುದೋ ಬಿಡುವುದೋ ನಿನ್ನ ಇಷ್ಟ, ಅದರಲ್ಲಿ ಬಾಯಿ ಹಾಕುವ ಹಕ್ಕು ನನಗಿಲ್ಲ. ಅವರು ಹೊರಡುವ ಮೊದಲು ಒಂದು ಸಲ ಎದುರು ಕೂತು ಅವರ ಮಾತು ಕೇಳಿಸಿಕೊ. ಭಾಗ್ಯಾಳನ್ನೂ ಕೂರಿಸಿಕೊ. ಈ ತವರುಮನೆ ನಿನ್ನ ಹೆಸರಿಗೇ ಇರಲಿ, ನಾನೂ ಸುರೇಖಾಳೂ ಬೇರೆ ಇರುತ್ತೇವೆ.

ನನಗೆ ಮಾತ್ರ ಏನೂ ಅನ್ನಬೇಡ. ಬೈಯಲೂ ಬೇಡ. ನೀನು ಬೈದರೆ, ನನ್ನನ್ನು ಇನ್ನೂ ತಮ್ಮನೆಂದು ಇಟ್ಟುಕೊಂಡಂತಾಗುತ್ತದೆ.