ಗೋಪಮ್ಮನ ಬುತ್ತಿಗಂಟು

ನಮ್ಮ ಪಕ್ಕದ ಮನೆಯ ಗೋಪಮ್ಮನವರಿಗೆ ಅರವತ್ತೆಂಟು ವರ್ಷ. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ನಲವತ್ತು ವರ್ಷ ಭತ್ತದ ಸಸಿ ನೆಟ್ಟ ಕೈ ಅವರದು. ಕಳೆದ ಜೂನ್ ತಿಂಗಳಲ್ಲಿ ಮೊಮ್ಮಗಳು ವಿಶಾಖಾ ರಾಯಚೂರಿನ ಶಾಲೆಗೆ ಎರಡನೆಯ ತರಗತಿಗೆ ಸೇರಿದಾಗ, ಅವರೂ ಒಂದು ಕೈಚೀಲ, ಒಂದು ರೊಟ್ಟಿ ಹಂಚು ಹಿಡಿದುಕೊಂಡು ಬಂದರು. ಮಗ ಹುಲಿಗೇಶ ದೇವದುರ್ಗದಲ್ಲಿ ನೌಕರಿಯಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಸೊಸೆ ಮೌನೇಶ್ವರಿ ನರ್ಸ್. ಬೆಳಿಗ್ಗೆ ಆರೂವರೆಗೇ ಮನೆ ಬಿಡಬೇಕು. ಮಧ್ಯಾಹ್ನದ ಊಟಕ್ಕೆ ಮಗು ಮನೆಗೇ ಬರುತ್ತಿತ್ತು. ಹತ್ತೂವರೆಯ ಬಿಡುವಿಗೆ ಬೇಕಾದ ತಿಂಡಿ ಡಬ್ಬಿ ಮಾತ್ರ ಗೋಪಮ್ಮನವರ ಪಾಲಿಗೆ ಬಂತು.

ಅವರು ಡಬ್ಬಿಯನ್ನು ಬರಿದೇ ಚೀಲದಲ್ಲಿ ಇಡುವವರಲ್ಲ. ತಮ್ಮ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿ, ಹೊಲಕ್ಕೆ ಒಯ್ಯುವ ಬುತ್ತಿಯಂತೆ ಗಂಟು ಹಾಕುತ್ತಿದ್ದರು. "ತಲಿ ಮ್ಯಾಲ ಇಟ್ಕೊಂಡು ಒಡ್ಡು ಜಿಗದ್ರೂ ಈ ಗಂಟು ಸಡಿಲ ಆಗಂಗಿಲ್ರಿ ಮಾಸ್ತರ," ಎಂದು ಗೋಡೆಯ ಆಚೆಯಿಂದ ನನಗೆ ಹೆಮ್ಮೆಯಿಂದ ತೋರಿಸಿದ್ದರು.

ಆದರೆ ಡಬ್ಬಿ ಹೋದ ಹಾಗೆಯೇ ಮರಳಿ ಬರುತ್ತಿತ್ತು.

"ಯಾಕ ತಿನ್ಲಿಲ್ಲ ನನ್ನವ್ವಾ?"

"ಟೈಮ್ ಸಾಲ್ಲಿಲ್ಲಜ್ಜಿ."

ಹತ್ತು ದಿನವೂ ಇದೇ ಉತ್ತರ. ಒಂದು ಭಾನುವಾರ ಮೌನೇಶ್ವರಿ ಮೆಲ್ಲಗೆ ಹೇಳಿದಳು: "ಅತ್ತಿ, ಹುಡುಗಿ ಸೊರಗಾಕತ್ಯಾಳ. ಈ ಶನಿವಾರತನಕ ನೋಡೋಣು. ಇಲ್ಲಂದ್ರ ಬಿಸ್ಕೀಟು ಪಾಕೀಟು ಕೊಟ್ಟು ಕಳಸ್ತೀನಿ."

"ಪಾಕೀಟು ಹರದು ಕೊಡಾಕ ನಾ ಯಾಕ ಬೇಕವ್ವಾ? ಶನಿವಾರದೊಳಗ ಒಮ್ಮಿಯಾರ ಡಬ್ಬಿ ಖಾಲಿ ಬರಲಿಲ್ಲಂದ್ರ, ಐತಾರ ನಾ ಕುರ್ಡಿ ಬಸ್ ಹತ್ತೀನಿ," ಎಂದರು ಗೋಪಮ್ಮ. ಹಾಸ್ಯಕ್ಕೆ ಆಡಿದ ಮಾತಾಗಿರಲಿಲ್ಲ. ಅವರ ಕೈಚೀಲ ಬಟ್ಟೆ ತುಂಬಿಕೊಂಡು ಗೂಟಕ್ಕೆ ನೇತುಬಿದ್ದಿದ್ದನ್ನು ನಾನೇ ಕಂಡೆ.

ಸೋಮವಾರ ಮೊಳಕೆ ಬಂದ ಹೆಸರುಕಾಳಿಗೆ ಗಜ್ಜರಿ ತುರಿದು, ನಿಂಬೆಹುಳಿ ಹಿಂಡಿದರು. ಡಬ್ಬಿ ತುಂಬಿಯೇ ಬಂತು. ನಿವೃತ್ತ ಮಾಸ್ತರನಾದ ನಾನೂ ಸುಮ್ಮನಿರದೆ ಉಪದೇಶ ಮಾಡಿದೆ: ಮಕ್ಕಳಿಗೆ ಕಚ್ಚಿದರೆ ಸದ್ದು ಬರಬೇಕು, ಕೈ ಅಂಟಾಗಬಾರದು. ಮಂಗಳವಾರ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ರೂಪಾಯಿಯಷ್ಟು ಅಗಲದ್ದು, ಮುರಿದರೆ ಚಟ್ಟೆಂದು ಸದ್ದು ಮಾಡುವಂಥದ್ದು. ಬುಧವಾರ ಶೇಂಗಾ ಬೆಲ್ಲದ ಉಂಡೆ, ಜೊತೆಗೆ ಪೇರಲದ ಹೋಳು. ಗುರುವಾರ ಪುಠಾಣಿ, ಸೌತೆಕಾಯಿ ಹಾಕಿದ ಮಂಡಾಳು, ಅಂದರೆ ಮಂಡಕ್ಕಿ. ತಿರುಗಿ ಬಂದ ತಿಂಡಿಯನ್ನೆಲ್ಲ ಸಂಜೆ ನನಗೆ ಕೊಟ್ಟರು. ಆ ವಾರ ನನ್ನ ಮೈಯಲ್ಲಿ ಒಳ್ಳೆಯ ಕಸುವಿತ್ತು.

"ಒಳಗ ಏನದ ಅಂತ ಬಿಚ್ಚಿ ಸೈತ ನೋಡಿಲ್ರಿ," ಎಂದು ಗೋಪಮ್ಮ ಗಂಟಿನ ತುದಿಯನ್ನು ಬೆರಳಿನಿಂದ ಹಾಗೆ ಮುಟ್ಟಿದರು. ಅದು ಹೂವಿನಂತೆ ಬಿಚ್ಚಿಕೊಂಡಿತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಶುಕ್ರವಾರ ಜೋಳದ ಹಿಟ್ಟಿಗೆ ಮೆಂತ್ಯದ ಸೊಪ್ಪು ಕಲಸಿ ದಪಾಟಿ ತಟ್ಟಿದರು. ಹತ್ತೂಕಾಲಿಗೆ ಗೋಡೆಯ ಬಳಿ ಬಂದು, "ಬರ್ರಿ ಮಾಸ್ತರ, ಇವತ್ತು ಕಣ್ಣಾರ ನೋಡೇ ಬಿಡೋಣು," ಎಂದರು. ಶಾಲೆ ಎರಡು ಓಣಿ ದಾಟಿದರೆ ಇದೆ. ಗೇಟಿನ ಹೊರಗೆ ನಾವು ನಿಲ್ಲುವುದಕ್ಕೂ ಬಿಡುವಿನ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಬೇವಿನ ಮರದ ಕೆಳಗೆ ವಿಶಾಖಾ ಹಸಿರು ಗಂಟನ್ನು ಎರಡು ಮೊಳಕಾಲುಗಳ ನಡುವೆ ಅವುಚಿ ಹಿಡಿದಿದ್ದಳು. ಎದುರಿಗೆ ಎರಡು ಜಡೆಯ ಹುಡುಗಿಯೊಬ್ಬಳು ಬಟ್ಟೆಯ ಉದ್ದ ತುದಿಯನ್ನು ಜಗ್ಗುತ್ತಿದ್ದಳು.

"ಬಿಡಬ್ಯಾಡ ಮಿನಾಜ್, ಎಳಿ!"

"ಎಳ್ಯಾಕತ್ತೀನಲ್ಲೇ! ನೀ ಹಲ್ಲು ಹಚ್ಚು, ಹಲ್ಲು!"

"ಮುಂದಿನವು ಎರಡೂ ಬಿದ್ದಾವಲ್ಲೇ ನನ್ನವು!"

ಎಳೆದಷ್ಟೂ ಗಂಟು ಬಿಗಿಯುತ್ತಿತ್ತು. ಗೋಪಮ್ಮ ಗೇಟಿನ ಸರಳು ಹಿಡಿದು, "ಅಯ್ಯ ನನ್ನವ್ವಾ!" ಎಂದು ಕೂಗಿದ ಕೂಗಿಗೆ ಗೇಟಿನಾಕೆ ಕೇಳದೆಯೇ ಬಾಗಿಲು ತೆರೆದಳು. ಗೋಪಮ್ಮ ಹೋಗಿ ಮಕ್ಕಳ ನಡುವೆ ನೆಲಕ್ಕೆ ಕುಳಿತರು.

"ಬಿಚ್ಚಾಕ ಬರಂಗಿಲ್ಲ ಅಂತ ಯಾಕ ಹೇಳ್ಲಿಲ್ಲಬೇ?"

ಮಗು ತಲೆ ತಗ್ಗಿಸಿತು. "ಹೇಳಿದ್ರ ನೀ ಬಟ್ಟಿ ತಗದು ಬರೇ ಡಬ್ಬಿ ಕೊಡ್ತಿದ್ದಿ. ಈ ಬಟ್ಟಿ ನಿನ್ನ ವಾಸನಿ ಬರ್ತದ."

"ಹುಚ್ಚಿ, ಅದು ಬೆಳ್ಳುಳ್ಳಿ ವಾಸನಿ!" ಎಂದರು ಗೋಪಮ್ಮ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರಿ ಇಲ್ಲಿ ಇಬ್ಬರೂ. ಉದ್ದಂದು ಎಳದ್ರ ಬಿಗೀತದ. ಈ ಗಿಡ್ಡಂದು ಅದಲ್ಲ, ಇದನ್ನ ಹಿಂದಕ್ಕ ದೂಡಬೇಕು. ಹಾಂ, ದೂಡು."

ವಿಶಾಖಾ ದೂಡಿದಳು. ಗಂಟು ಬಿಚ್ಚಿತು. ಅಷ್ಟರಲ್ಲಿ ಬಿಡುವು ಮುಗಿದ ಗಂಟೆ ಹೊಡೆಯಿತು. ತರಗತಿಯ ಬಾಗಿಲಲ್ಲಿ ನಿಂತಿದ್ದ ಟೀಚರ್, "ಇವತ್ತೊಂದಿನ ಐದು ನಿಮಿಷ ತಿನ್ಲಿ ಬಿಡ್ರಿ," ಎಂದು ನಕ್ಕರು. ಒಂದೂವರೆ ದಪಾಟಿ ವಿಶಾಖಾಳ ಹೊಟ್ಟೆಗೆ ಹೋಯಿತು, ಅರ್ಧ ಮಿನಾಜ್‌ಳ ಹೊಟ್ಟೆಗೆ.

ಆ ಸಂಜೆ ಮೌನೇಶ್ವರಿ ಖಾಲಿ ಡಬ್ಬಿಯನ್ನು ಬೋರಲು ಹಾಕಿ ಎರಡು ಸಲ ತಟ್ಟಿ ನೋಡಿದಳಂತೆ. ಅವಳು ಮುಂಗಡವಾಗಿ ತಂದಿಟ್ಟಿದ್ದ ಬಿಸ್ಕೀಟು ಪಾಕೀಟು ಗೋಡೆ ದಾಟಿ ನನ್ನ ಕೈಗೆ ಬಂತು.

"ತಗೋರಿ ಮಾಸ್ತರ. ನಾಳಿಂದ ನಿಮಗ ತಿಂಡಿ ಉಳಿಯಂಗಿಲ್ಲ," ಎಂದರು ಗೋಪಮ್ಮ.

ಶನಿವಾರ ಬೆಳಿಗ್ಗೆ ನಾನು ಬಿಸ್ಕೀಟನ್ನು ಚಹದಲ್ಲಿ ಅದ್ದಿಕೊಂಡು ಕುಳಿತಿದ್ದೆ. ಆಚೆಯಿಂದ ಮೊಮ್ಮಗಳಿಗೆ ಹೇಳುತ್ತಿದ್ದ ಗೋಪಮ್ಮನವರ ದನಿ ಕೇಳಿಸಿತು: "ಯವ್ವಾ, ಇಷ್ಟು ಬಿಗಿ ಕಟ್ತಾರೇನು? ನನಗೇ ಬಿಚ್ಚಾಕ ಬರವಲ್ದು!"