ಬಟ್ಟಲಿನ ಎಡಗಡೆ

ಅಡುಗೆಮನೆಯ ನೆಲದ ಮೇಲೆ ಕಾಫಿ ಚೆಲ್ಲಿತ್ತು. ನಾನು ಗಂಡನ ಮೇಲೆ ರೇಗಿದೆ.

"ಏನ್ರೀ ಇದು? ಚೆಲ್ಲಿದ್ಮೇಲೆ ಒರೆಸೋಕಾಗಲ್ವಾ?"

ಆಂಟನಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. "ಸೆಲೀನಾ, ಲೋಟ ನಿನ್ ಕೈಯಿಂದ್ಲೇ ಬಿತ್ತು ಕಣೇ. ಕಾಲ್ ಮೇಲೆಲ್ಲ ಬಿಸಿ ಕಾಫಿ ಬಿದ್ದಿದೆ. ಉರೀತಿಲ್ವಾ ನಿಂಗೆ?"

ಉರಿಯುತ್ತಿರಲಿಲ್ಲ. ಯಾವ ಲೋಟ, ಯಾವ ಕಾಲು, ಒಂದೂ ನನಗೆ ತಿಳಿಯಲಿಲ್ಲ. ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. ಮೂವತ್ತೊಂದು ವರ್ಷ ಹೊಲಿಗೆ ಟೀಚರಾಗಿದ್ದವಳು ನಾನು. ತಪ್ಪು ಮಾಡಿದ ಹುಡುಗಿಯರು ಹೇಗೆ ಮಾತು ತಿರುಗಿಸುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಗಂಡನೂ ಅದನ್ನೇ ಮಾಡುತ್ತಿದ್ದಾರೆ ಎಂದು ಬೈಯುತ್ತಲೇ ಆಟೋ ಹತ್ತಿದೆ. ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೂ ಬೈಯುತ್ತಲೇ ಇದ್ದೆ.

ಸ್ಟ್ರೋಕ್.

ನವೆಂಬರಿನ ಕೊನೆಯ ವಾರ ಅದು. ಮೆದುಳಿನ ಬಲಭಾಗದಲ್ಲಿ ಕ್ಲಾಟ್ ಇದೆ ಎಂದು ಸಿಟಿ ಸ್ಕ್ಯಾನ್, ಎಂಆರ್‌ಐ ಎಲ್ಲ ಆದಮೇಲೆ ಡಾಕ್ಟರು ಹೇಳಿದರು. ಬೇಗ ಕರೆತಂದದ್ದಕ್ಕೆ ಜೀವ ಉಳಿಯಿತು, ಮಾತು ಉಳಿಯಿತು. ಎಡಗೈ, ಎಡಗಾಲಿನಲ್ಲಿ ಶಕ್ತಿ ಕಡಿಮೆಯಾಗಿತ್ತು. ಕಾಲು ನಿಧಾನವಾಗಿ ಮರಳಿತು. ಕೈ ಮರಳಲಿಲ್ಲ.

ಇನ್ನೊಂದು ಆಗಿತ್ತು. ಅದು ಆಗಿದೆ ಎಂದು ನನಗೆ ಗೊತ್ತೇ ಆಗಲಿಲ್ಲ. ಅದೇ ಆ ಕಾಯಿಲೆ.

ವಾರ್ಡಿನಲ್ಲಿ ಡಾಕ್ಟರು ಒಂದು ಹಾಳೆ ಕೊಟ್ಟರು. ಹಾಳೆಯ ತುಂಬ ಸಣ್ಣ ಸಣ್ಣ ಗೆರೆಗಳು. "ಎಲ್ಲಾ ಗೆರೇನೂ ಪೆನ್ನಲ್ಲಿ ಹೊಡೆದುಹಾಕಿ ಅಮ್ಮ" ಅಂದರು. ಒಂದನ್ನೂ ಬಿಡದೆ ಹೊಡೆದುಹಾಕಿ, ಜಂಬದಿಂದ ಪೆನ್ನು ಮುಚ್ಚಿ ಕೊಟ್ಟೆ. ಅವರು ಹಾಳೆಯನ್ನು ಆಂಟನಿಗೆ ತೋರಿಸಿದರು. ಆಂಟನಿಯ ಮುಖ ಬಿಳಿಚಿಕೊಂಡಿತು. ಹಾಳೆಯ ಎಡ ಅರ್ಧದ ಗೆರೆಗಳೆಲ್ಲ ಹಾಗೇ ಉಳಿದಿದ್ದವಂತೆ.

"ಇದಕ್ಕೆ ನೆಗ್ಲೆಕ್ಟ್ ಅಂತೀವಿ" ಅಂದರು ಡಾಕ್ಟರು. "ಅಮ್ಮನ ಕಣ್ಣು ಸರಿಯಾಗಿದೆ. ಆದ್ರೆ ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಮೆದುಳು ಲೆಕ್ಕಕ್ಕೆ ತಗೊಳ್ತಿಲ್ಲ. ನಿಧಾನಕ್ಕೆ ಸುಧಾರಿಸುತ್ತೆ. ಎಷ್ಟು ಅಂತ ಈಗ್ಲೇ ಹೇಳೋಕಾಗಲ್ಲ."

ನಾನು ತಲೆಯಾಡಿಸಿದೆ. ಅರ್ಥವಾಗಿರಲಿಲ್ಲ. ಎಡಗಡೆ ಕತ್ತಲಾಗಿದ್ದರೆ, ಮಂಜಾಗಿದ್ದರೆ, ಏನೋ ಕಾಣಿಸುತ್ತಿಲ್ಲ ಎಂದಾದರೂ ಗೊತ್ತಾಗುತ್ತಿತ್ತು. ಇಲ್ಲಿ ಕತ್ತಲೂ ಇಲ್ಲ, ಮಂಜೂ ಇಲ್ಲ. ನನ್ನ ಪಾಲಿಗೆ ಎಲ್ಲವೂ ಪೂರ್ತಿಯಾಗೇ ಇತ್ತು. ಪೂರ್ತಿ ಇರುವುದನ್ನು ಅರ್ಧ ಅನ್ನುವವರನ್ನು ನಂಬುವುದು ಹೇಗೆ? ತಲೆ ಅರ್ಧ ಬಾಚಿದ್ದೀಯ ಅನ್ನುತ್ತಿದ್ದರು. ಬಾಚಿದವಳು ನಾನು, ನನಗೆ ಗೊತ್ತಿಲ್ಲವೆ?

ಚಾಮರಾಜಪುರಂನ ನಮ್ಮ ಮನೆಗೆ ವಾಪಸು ಬಂದಾಗ ನನ್ನ ನಾದಿನಿ ರೀಟಾ ಇಲವಾಲದಿಂದ ಬಂದು ಕಾಯುತ್ತಿದ್ದಳು. ಆಂಟನಿಯ ತಂಗಿ, ಮದುವೆಯಾಗದೆ ಒಂಟಿಯಾಗಿರುವವಳು. ಮಾತು ಕಡಿಮೆ, ಕೆಲಸ ಜಾಸ್ತಿ. ನನಗೆ ಸ್ನಾನ ಮಾಡಿಸಿದವಳು, ಸೀರೆಯ ಬದಲು ನೈಟಿ ಹಾಕಿಸಿ ಗುಂಡಿ ಹಾಕಿದವಳು, ನನ್ನ ಹಟಕ್ಕೆಲ್ಲ ಹೂಂ ಅಂದವಳು ಅವಳೇ.

ಅಂಥವಳ ಮೇಲೆ ನಾನು ಹೊರಿಸಿದ ಅಪವಾದವನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಊಟ ಸಾಲುತ್ತಿರಲಿಲ್ಲ. ದಿನವೂ ಅರ್ಧ ಹೊಟ್ಟೆ. ಮೊದಮೊದಲು ಪಥ್ಯ ಇರಬೇಕು ಅಂದುಕೊಂಡೆ. ಆಮೇಲೆ ಗಮನಿಸಿದೆ. ಆಂಟನಿಗೆ ತಟ್ಟೆ ತುಂಬ ಅನ್ನ, ಪಲ್ಯ, ಹಪ್ಪಳ. ನನಗೆ ಒಂದು ಮಗ್ಗುಲಿಗೆ ನಾಲ್ಕು ತುತ್ತು ಅನ್ನ, ಹಪ್ಪಳವೇ ಇಲ್ಲ. ಒಂದು ಮಧ್ಯಾಹ್ನ ತಡೆಯಲಾಗದೆ ಆಂಟನಿಗೆ ಹೇಳಿಯೇ ಬಿಟ್ಟೆ. "ನಿಮ್ ತಂಗಿ ನಂಗೆ ಅರ್ಧ ಹೊಟ್ಟೆಗೆ ಇಕ್ತಾಳೆ ಕಣ್ರೀ. ಕಾಯಿಲೆಯೋಳು ಏನ್ ಕೇಳ್ತಾಳೆ ಅಂತ."

ಆಂಟನಿ ನನ್ನ ತಟ್ಟೆಯನ್ನು ತಿರುಗಿಸಿದರು. ಅನ್ನ ಬಂತು. ಹಪ್ಪಳವೂ ಬಂತು.

"ನೋಡು, ತಟ್ಟೇಲೇ ಇತ್ತು."

"ಈಗ ಹಾಕಿದ್ರಿ. ನಾನು ಬೈದ್ಮೇಲೆ ಹಾಕಿದ್ರಿ."

ರೀಟಾ ಅಡುಗೆಮನೆಯ ಬಾಗಿಲಲ್ಲೇ ಇದ್ದಳಂತೆ. ಎಡಗಡೆ ಬಾಗಿಲು. ಅವಳು ಅಲ್ಲಿರುವುದು ನನಗೆ ಕಾಣಲಿಲ್ಲ. ಕಂಡಿದ್ದರೆ ಹೇಳುತ್ತಿರಲಿಲ್ಲವೆ? ಹೇಳುತ್ತಿದ್ದೆ ಅಂತಲೇ ಕಾಣುತ್ತದೆ, ನನ್ನ ಬಾಯಿ ಅಂಥದ್ದು. ಅಂದಿನಿಂದ ತಟ್ಟೆಯನ್ನು ನನ್ನ ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು.

ಇಷ್ಟರಲ್ಲಿ ಕ್ರಿಸ್ಮಸ್ ಬಂತು.

ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಕ್ರಿಸ್ಮಸ್ಸಿಗೆ ಎಲ್ಲರ ಮನೆಯಿಂದ ಕೇಕು, ಕಜ್ಜಾಯ ನೆರೆಹೊರೆಗೆ ಹೋಗುತ್ತದೆ. ನಮ್ಮ ಪಕ್ಕದ ಮನೆಗೆ ಮಾತ್ರ ಕೇಕು ಹೋಗುವಂತಿಲ್ಲ, ಮೊಟ್ಟೆ ಇರುತ್ತದಲ್ಲ. ಪಕ್ಕದ ಮನೆಯವರು ಸೀತಮ್ಮ. ಅವರ ಮಾವನವರು ಅರಮನೆಗೆ ಪಂಚಾಂಗ ಬರೆದುಕೊಡುತ್ತಿದ್ದವರು. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷ ಏನು ಕಳಿಸುವುದೆಂದು ತಿಳಿಯದೆ ಕಾಂಪೌಂಡಿನ ಹತ್ತಿರ ನಿಂತಿದ್ದಾಗ ಅವರೇ ದಾರಿ ತೋರಿಸಿದ್ದರು. "ಹಣ್ಣಿಗೆ ಮೈಲಿಗೆ ಇಲ್ಲ ಕಣೇ ಹುಡುಗಿ. ಹಣ್ಣು ಹೆಚ್ಚಿ ಕೊಡು, ನಮ್ಮತ್ತೇನೂ ತಿಂತಾರೆ." ಅಂದಿನಿಂದ ಪ್ರತಿ ಕ್ರಿಸ್ಮಸ್ ಮಧ್ಯಾಹ್ನ ಫ್ರೂಟ್ ಸಲಾಡಿನ ಮೊದಲ ಬಟ್ಟಲು ಸೀತಮ್ಮನವರಿಗೆ. ಅದಕ್ಕೆಂದೇ ಒಂದು ಸ್ಟೀಲ್ ಪಾತ್ರೆ, ಒಂದು ಚಾಕು ಬೇರೆ ಇಟ್ಟಿದ್ದೇನೆ. ಮೀನು, ಮಾಂಸ ಅವುಗಳ ಹತ್ತಿರ ಸುಳಿದಿಲ್ಲ. ಸಂಕ್ರಾಂತಿಗೆ ಆ ಬಟ್ಟಲು ಎಳ್ಳು ಬೆಲ್ಲ ತುಂಬಿಕೊಂಡು ವಾಪಸು ಬರುತ್ತದೆ. ಸೀತಮ್ಮನವರ ಅತ್ತೆ ಹೋದರು, ನನ್ನ ಅತ್ತೆ ಹೋದರು. ಬಟ್ಟಲು ಒಂದು ವರ್ಷವೂ ತಪ್ಪಿಲ್ಲ.

ಈ ವರ್ಷ ರೀಟಾ ಹೆಚ್ಚಲಿ ಅಂದರು ಆಂಟನಿ. ಆಗುವುದಿಲ್ಲ ಅಂದೆ. ಬಟ್ಟಲು ನನ್ನ ಕೈಯಿಂದ ಹೋಗಬೇಕು. ಇದೊಂದನ್ನೂ ಬಿಟ್ಟುಕೊಟ್ಟರೆ ಈ ಮನೆಯಲ್ಲಿ ನನ್ನದು ಅಂತ ಏನು ಉಳಿಯಿತು ಎಂದು ಅತ್ತುಬಿಟ್ಟೆ. ಅಳು ಆ ದಿನಗಳಲ್ಲಿ ತಾನಾಗೇ ಬರುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ.

ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿಮಾಡಿಸಲು ಮನೆಗೆ ಬರುತ್ತಿದ್ದ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿಗೆ ಮಾತ್ರ ಖುಷಿಯಾಯಿತು. "ಮಾಡ್ಲಿ ಬಿಡಿ ಸರ್, ಇದಕ್ಕಿಂತ ಒಳ್ಳೆ ಎಕ್ಸರ್‌ಸೈಜ್ ಇಲ್ಲ" ಅಂದಳು. ಅವಳು ಹೇಳಿದಂತೆ ಆಂಟನಿ ಒಂದು ಹಲಗೆಗೆ ಎರಡು ಸ್ಟೀಲ್ ಮೊಳೆ ಹೊಡೆದುಕೊಟ್ಟರು. ಹಣ್ಣನ್ನು ಮೊಳೆಗೆ ಚುಚ್ಚಿ ನಿಲ್ಲಿಸಿದರೆ ಬಲಗೈ ಒಂದರಲ್ಲೇ ಹೆಚ್ಚಬಹುದು. ಮೇಜಿನ ಎಡ ಅಂಚಿಗೆ ಉದ್ದಕ್ಕೂ ಕೆಂಪು ಟೇಪು ಅಂಟಿಸಿದಳು. "ಆಂಟಿ, ಒಂದೊಂದು ಹಣ್ಣು ತಗೊಳ್ಳೋಕೆ ಮುಂಚೆನೂ ಕೆಂಪು ಟೇಪ್ ಕಾಣೋವರೆಗೆ ತಲೆ ತಿರುಗಿಸ್ಬೇಕು. ಕಾಣ್ಲಿಲ್ಲ ಅಂದ್ರೆ ಇನ್ನೂ ತಿರುಗಿಸಿ. ಮರೀಬೇಡಿ."

ಹೂಂ ಅಂದೆ. ಮನಸ್ಸಿನಲ್ಲಿ, ಹಣ್ಣು ಹೆಚ್ಚುವುದನ್ನು ನನಗೆ ಕಲಿಸಲು ಬಂದಳು ಅಂದುಕೊಂಡೆ.

ಕ್ರಿಸ್ಮಸ್ ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಬಂದೆವು. ಆಂಟನಿ ಹಿಂದಿನ ದಿನವೇ ಮಾರ್ಕೆಟ್ಟಿನಿಂದ ಎಲ್ಲ ತಂದಿದ್ದರು. ರೀಟಾ ಹಣ್ಣುಗಳನ್ನು ತೊಳೆದು, ಸುಲಿಯುವುದನ್ನೆಲ್ಲ ಸುಲಿದು ಮೇಜಿನ ಉದ್ದಕ್ಕೂ ಜೋಡಿಸಿಟ್ಟಳು. ನಾನು ಕುರ್ಚಿಯಲ್ಲಿ ಕೂತು ಶುರುಮಾಡಿದೆ. ಮೊದಲು ಸೀಬೆ. ಬೀಜದ ತಿರುಳು ತೆಗೆದರೇನೇ ಚೆನ್ನ, ಇಲ್ಲದಿದ್ದರೆ ಸೀತಮ್ಮನವರ ಹಲ್ಲಿಗೆ ಕಷ್ಟ. ಆಮೇಲೆ ಪರಂಗಿ, ಸಪೋಟ. ಕಪ್ಪು ದ್ರಾಕ್ಷಿ ಇಡಿಯಾಗಿಯೇ. ದಾಳಿಂಬೆಯ ಕಾಳು ಮೇಲಿಂದ. ರಸಬಾಳೆ ಕೊನೆಗೆ, ಮೊದಲೇ ಹಾಕಿದರೆ ಕಪ್ಪಾಗುತ್ತದೆ. ನಿಂಬೆರಸ, ಜೇನುತುಪ್ಪ, ಒಂದೇ ಒಂದು ಚಿಟಿಕೆ ಉಪ್ಪು. ಕಸ್ಟರ್ಡ್ ಗಿಸ್ಟರ್ಡ್ ನಮ್ಮಲ್ಲಿಲ್ಲ.

ಒಂದೂವರೆ ಗಂಟೆ ಹಿಡಿಯಿತು. ಬೆನ್ನು ಸೋತಿತು. ಆದರೆ ಎಷ್ಟು ದಿನಗಳ ಮೇಲೆ ಬೆರಳಿಗೆ ಹಣ್ಣಿನ ವಾಸನೆ ಹತ್ತಿತ್ತು. ನನಗೇ ನಾನು ವಾಪಸು ಸಿಕ್ಕಿದ ಹಾಗಿತ್ತು. ಕೆಂಪು ಟೇಪು? ಮೊದಲ ಸೀಬೆಗೆ ತಿರುಗಿ ನೋಡಿದ ನೆನಪು. ಆಮೇಲೆ ಇಲ್ಲ.

ನಾನು ನಡೆದುಹೋಗಿ ಕೊಡಲಾರೆನಾದ್ದರಿಂದ ಸೀತಮ್ಮನವರೇ ಬಂದರು. ನನ್ನ ಬಲಗಡೆಯ ಕುರ್ಚಿಯಲ್ಲಿ ಕೂತರು. ಅವರ ಬಟ್ಟಲನ್ನು ನಾನೇ ತುಂಬಿಸಿ ಕೊಟ್ಟೆ. ನನಗೂ ಒಂದು ಬಟ್ಟಲು ಹಾಕಿಕೊಂಡೆ. ಅವರು ಎರಡು ಚಮಚ ತಿಂದು ಬಟ್ಟಲೊಳಗೆ ಹುಡುಕಿದರು.

"ಈ ಸಲ ಕಿತ್ತಳೆ ಹಾಕ್ಲಿಲ್ವೇನೇ ಸೆಲೀನಾ?"

ಕೊಡಗಿನ ಕಿತ್ತಳೆ ಇಲ್ಲದೆ ನಮ್ಮ ಮನೆಯ ಸಲಾಡಿಲ್ಲ. ಸೀತಮ್ಮನವರು ತಿನ್ನುವುದೇ ಅದಕ್ಕಾಗಿ. ಹಾಕಿದ್ದೇನೆ ಅಂದುಕೊಂಡಿದ್ದೆ. ಪ್ರತಿ ವರ್ಷ ಹಾಕಿದ ನೆನಪೇ ಈ ವರ್ಷದ್ದೂ ಆಗಿತ್ತೋ ಏನೋ. ಮೇಜು ನೋಡಿದೆ. ಕಿತ್ತಳೆ ಇಲ್ಲ. ನನ್ನ ಬಟ್ಟಲು ನೋಡಿದೆ. ಅದೂ ಆಗಲೇ ಖಾಲಿ. ಅಷ್ಟು ಬೇಗ ಹೇಗೆ ಖಾಲಿಯಾಯಿತು?

"ರೀಟಾ ಎತ್ತಿಟ್ಟಿದ್ದಾಳೆ" ಅಂದೆ. "ಕಿತ್ತಳೆ ಮೇಜಿನ ಮೇಲೆ ಇಟ್ಟೇ ಇಲ್ಲ ಅವ್ಳು. ನಾನು ನಿಮ್ ಮುಂದೆ ಸಣ್ಣೋಳಾಗ್ಲಿ ಅಂತ."

ಸೀತಮ್ಮನವರು ಬಟ್ಟಲು ಕೆಳಗಿಟ್ಟರು. ಎದ್ದು ನನ್ನ ಹಿಂದೆ ಬಂದು ಎರಡು ಭುಜವನ್ನೂ ಹಿಡಿದರು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ತಿರುಗೇ."

"ಎಲ್ಲಿಗೆ?"

"ಈ ಕಡೆಗೆ. ಇನ್ನೂ. ಇನ್ನೂ ತಿರುಗೇ ಅಂದ್ರೆ."

ತಿರುಗಿದೆ. ಬಿಳಿ ಪಿಂಗಾಣಿ ತಟ್ಟೆ ಕಂಡಿತು. ತಟ್ಟೆ ತುಂಬ ಕಿತ್ತಳೆ. ನಾರು ತೆಗೆದು, ಬೀಜ ತೆಗೆದು, ನಾನು ಹೇಳಿಕೊಟ್ಟ ಹಾಗೇ ಒಂದೊಂದು ತೊಳೆಯನ್ನೂ ರೀಟಾ ಬಿಡಿಸಿ ಇಟ್ಟಿದ್ದಳು. ಅದನ್ನೂ ಅವಳು ಈಗ ತಂದಿಟ್ಟದ್ದು ಅನ್ನುತ್ತಿದ್ದೆನೇನೋ. ಬಾಯಿ ತೆರೆದಿತ್ತು.

ಆದರೆ ಆ ತಟ್ಟೆಯಲ್ಲಿ ಒಂದು ಕೈ ಇತ್ತು.

ತೊಳೆಗಳ ಮೇಲೆ ಅಂಗಾತ ಬಿದ್ದಿತ್ತು. ಬೆರಳುಗಳ ನಡುವೆ ಕಿತ್ತಳೆ ರಸ ಒಣಗಿ ಅಂಟಂಟಾಗಿತ್ತು. ಎಷ್ಟು ಹೊತ್ತಿನಿಂದ ಅಲ್ಲಿತ್ತೋ. ಯಾರ ಕೈ ಇದು ಎಂದು ನಿಜವಾಗಿಯೂ ಯೋಚಿಸಿದೆ. ಬೆರಳಲ್ಲಿ ಮದುವೆಯ ಉಂಗುರ ಇತ್ತು. ತೋರುಬೆರಳಿನ ತುದಿಯಲ್ಲಿ ಹೊಲಿಗೆ ಮಿಷನ್ನಿನ ಸೂಜಿ ಹೊಕ್ಕ ಹಳೆಯ ಕಲೆ ಇತ್ತು.

ನನ್ನದೇ ಕೈ.

ಕಿತ್ತಳೆಯನ್ನು ಯಾರಾದರೂ ಆಮೇಲೆ ತಂದಿಡಬಹುದು. ನನ್ನ ಕೈಯನ್ನು ಯಾರು ತಂದಿಡುತ್ತಾರೆ? ಅದು ಅಲ್ಲೇ ಇತ್ತು. ಕಿತ್ತಳೆಯೂ ಅಲ್ಲೇ ಇತ್ತು. ತಟ್ಟೆಯ ಇನ್ನರ್ಧ ಅನ್ನವೂ, ಹಪ್ಪಳವೂ ದಿನಾ ಅಲ್ಲೇ ಇದ್ದವು. ನಾನೇ ಅಲ್ಲಿರಲಿಲ್ಲ. ಇಷ್ಟು ದಿನ ಪೂರ್ತಿ ಅಂದುಕೊಂಡದ್ದರಲ್ಲಿ ಯಾವುದು ಪೂರ್ತಿಯಾಗಿತ್ತು, ಯಾವುದು ಇರಲಿಲ್ಲ? ಎಣಿಸಲು ಹೋದರೆ ಇನ್ನಷ್ಟು ಗೊಂದಲವಾಯಿತು.

"ರೀಟಾ, ಕಿತ್ತಳೆ ಉಳಿದದ್ದು ನಿಂಗೆ ಕಾಣ್ಲಿಲ್ವಾ?" ಆಂಟನಿ ಮೆಲ್ಲಗೆ ಕೇಳಿದರು.

"ಕಾಣ್ತು ಅಣ್ಣ." ಅವಳ ದನಿ ಎಡಗಡೆಯಿಂದ ಬಂತು. "ಅತ್ತಿಗೆ ಕೈ ಅಲ್ಲಿದ್ದಿದ್ದೂ ಕಾಣ್ತು. ಹೇಳಿದ್ರೆ, ನೀನ್ ಈಗ ತಂದು ಇಟ್ಬುಟ್ಟೆ ಅಂತಾರೆ. ಹಬ್ಬದ ದಿನ ಅದನ್ನೂ ಅನ್ನಿಸ್ಕೊಳ್ಳೋದು ಬ್ಯಾಡ ಅಂತ ಸುಮ್ನಾಗ್ಬುಟ್ಟೆ."

ದನಿ ಬಂದ ಕಡೆಗೆ ಇನ್ನಷ್ಟು ತಿರುಗಿದೆ. ಕೆಂಪು ಟೇಪು ಕಂಡಿತು. ಅದರಾಚೆ ಗೋಡೆಗೆ ಒರಗಿ ರೀಟಾ ನಿಂತಿದ್ದಳು. ವಾರಗಟ್ಟಲೆ ನನ್ನ ಸೇವೆ ಮಾಡುತ್ತಿದ್ದವಳ ಮುಖವನ್ನು ಅವತ್ತು ಸರಿಯಾಗಿ ನೋಡಿದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬಡವಾಗಿದ್ದಳು.

"ನಾನು ಕೆಟ್ಟ ಮಾತಾಡ್ದೆ ಕಣೇ" ಅಂದೆ. ಅಷ್ಟೇ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಲ್ಲ, ನನ್ನನ್ನು ಎತ್ತಿ ನಿಲ್ಲಿಸಿದವಳನ್ನೇ ಡೊಂಕು ಅಂದಿದ್ದೆ.

ರೀಟಾ ಒದ್ದೆ ಬಟ್ಟೆ ತಂದು ನನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಆ ತಟ್ಟೆಯ ಕಿತ್ತಳೆಯನ್ನು ಇನ್ನು ಸೀತಮ್ಮನವರಿಗೆ ಕೊಡುವ ಹಾಗಿರಲಿಲ್ಲ. ಹೊಸ ಕಿತ್ತಳೆ ಸುಲಿಯುತ್ತೇನೆ ಎಂದು ಅವಳು ಎದ್ದಳು. ಸೀತಮ್ಮನವರು ಕೈ ಹಿಡಿದು ಕೂರಿಸಿ, ಅದೇ ತಟ್ಟೆಯಿಂದ ಒಂದು ತೊಳೆ ಎತ್ತಿ ಬಾಯಿಗೆ ಹಾಕಿಕೊಂಡರು. "ಅವಳ ಕೈ ತಾಗಿದ್ದನ್ನೇ ಇಷ್ಟು ವರ್ಷ ತಿಂದಿದೀನಿ. ಈಗೇನು ಹೊಸದು?"

ಈಗ ಫೆಬ್ರವರಿ. ಎಡಗೈಯ ಎರಡು ಬೆರಳು ಸ್ವಲ್ಪ ಮಡಚುತ್ತವೆ. ಎಡಗಡೆ ಇನ್ನೂ ತಾನಾಗಿ ನನ್ನ ಬಳಿಗೆ ಬರುವುದಿಲ್ಲ, ನಾನೇ ಹೋಗಿ ನೋಡಬೇಕು. ಈ ನೋಟ್‌ಬುಕ್ಕಿನ ಪ್ರತಿ ಪುಟದ ಎಡ ಅಂಚಿಗೂ ಆಂಟನಿ ಕೆಂಪು ಗೆರೆ ಎಳೆದುಕೊಟ್ಟಿದ್ದಾರೆ, ಸಾಲು ಅಲ್ಲಿಂದ ಶುರುಮಾಡಲೆಂದು. ಎಷ್ಟು ಸುಧಾರಿಸುತ್ತದೆ ಎಂದು ಡಾಕ್ಟರು ಈಗಲೂ ಹೇಳುವುದಿಲ್ಲ. ಕಾಣದ್ದನ್ನೂ ನಂಬುತ್ತೇನೆ ಎಂದು ಪ್ರತಿ ಭಾನುವಾರ ಪೂಜೆಯಲ್ಲಿ ಹೇಳಿಕೊಂಡು ಬಂದವಳು ನಾನು. ಅದು ಇಷ್ಟು ಕಷ್ಟದ ಕೆಲಸ ಅಂತ ಗೊತ್ತಿರಲಿಲ್ಲ. ದೇವರ ದಯೆ, ಕಾಣದ ಕಡೆ ನಿಂತು ಕಾಯುವವರು ನನಗಿದ್ದಾರೆ.

ಥೆರಪಿಸ್ಟ್ ಹುಡುಗಿ ರೀಟಾಗೆ ಹೇಳಿಹೋಗಿದ್ದಾಳೆ, ಯಾವಾಗಲೂ ನನ್ನ ಎಡಗಡೆಯೇ ಕೂರಬೇಕೆಂದು. ಆಗ ನಾನು ತಿರುಗುವುದನ್ನು ಕಲಿಯುತ್ತೇನಂತೆ.

ನಿನ್ನೆ ಸಂಜೆ ರೀಟಾ ಒಂದು ಬಟ್ಟಲು ಪರಂಗಿ, ಸೀಬೆ ಹೆಚ್ಚಿ ಮುಂದಿಟ್ಟಳು. ತಿಂದು ಮುಗಿಸಿದೆ. ಹಸಿವು ಇನ್ನೂ ಇತ್ತು. "ಇಷ್ಟೇನಾ?" ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಬಟ್ಟಲನ್ನು ತಿರುಗಿಸಿದೆ. ಅರ್ಧ ಬಟ್ಟಲು ಹಣ್ಣು.

ಒಂದು ಹೋಳನ್ನು ಚಮಚಕ್ಕೆ ತೆಗೆದುಕೊಂಡು ಎಡಗಡೆಗೆ ಚಾಚಿದೆ. ಅಲ್ಲಿ ನನಗೆ ಯಾರೂ ಕಾಣಿಸುತ್ತಿರಲಿಲ್ಲ. ಚಮಚ ಹಗುರವಾಯಿತು.