ವೈನ್ ಅಂಗಡಿಯ ಅಕ್ಕ

ಇಂಗ್ಲೆಂಡಿನ ಡರ್ಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ, ಯಾರು ಏನೇ ಕೇಳಿದರೂ ಗಂಡನ ಕಡೆ ನೋಡಿ, "ಅವರು ಹೇಳಿದ್ರೆ ಸರಿಯಾಗೇ ಇರತ್ತೆ" ಎನ್ನುತ್ತಿದ್ದರು. ವಿಮಾನ ಎಂಜಿನ್ ಕಾರ್ಖಾನೆಯ ಕೆಲಸ ಬಿಟ್ಟ ಗಂಡನ ಜೊತೆ ಸೇರಿ ಅವರು ಫ್ರಾಂಚೈಸಿ ಹಿಡಿದು, ಗಿರಾಕಿಗಳೇ ಬಂದು ತಮ್ಮ ವೈನ್ ಮಾಡಿಕೊಳ್ಳುವ ಅಂಗಡಿ ತೆರೆದರು. ವೈನ್ ಹದವಾಗಿದೆಯೇ ಎಂದು ಮೂಸಿ ಹೇಳುವುದು ಗಂಡನ ಕೆಲಸ.

ಒಂದು ಶನಿವಾರ ನಾನೂ ಅಲ್ಲಿದ್ದೆ. ಮಗಳ ಮದುವೆಗೆಂದು ವೈನ್ ಮಾಡಿಟ್ಟಿದ್ದ ಹೆಂಗಸೊಬ್ಬರಿಗೆ ಅಕ್ಕನ ಗಂಡ ಗ್ಲಾಸನ್ನು ಮೂಸಿ, "ಪರ್ಫೆಕ್ಟ್" ಎಂದು ಕೊಟ್ಟರು. ಆಕೆ ಒಂದು ಗುಟುಕು ಬಾಯಿಗಿಟ್ಟು ಉಗುಳಿದರು. ವೈನ್ ಕೆಟ್ಟು ವಿನೆಗರ್ ಆಗಿತ್ತು. ವೈನ್ ತುಂಬಿದ ಕ್ಯಾನ್ ಅದಲುಬದಲಾದದ್ದು ತಮ್ಮಿಂದಲೇ ಎಂದು ಅಕ್ಕ ಮುಂದೆ ಬಂದು ಕ್ಷಮೆ ಕೇಳಿದರು.

ಆಕೆ ಹೋದ ಮೇಲೆ ಗಂಡ ಮೆಲ್ಲಗೆ ಕೇಳಿದರು: "ನಂಗೆ ವಾಸನೆ ಗೊತ್ತಾಗಲ್ಲ ಅಂತ ನಿಂಗೆ ಯಾವಾಗಿಂದ ಗೊತ್ತು?"

"ಅಂಗಡಿ ತೆರೆದಾಗಿಂದ. ನಿಮಗೆ ಬೇಜಾರಾಗತ್ತೆ ಅಂತ ನಾನೇ ಮುಂಚೆ ಎಲ್ಲಾ ಮೂಸಿ ನೋಡ್ತಿದ್ದೆ. ಈ ವಾರ ಜ್ವರ ಬಂತು, ಆಗಲಿಲ್ಲ."

ವಾಸನೆ ಹೋದದ್ದೇಕೆಂದು ತಿಳಿಯಲು ಸ್ಕ್ಯಾನ್ ಮಾಡಿಸಿದಾಗ ಗಂಡನ ಮಿದುಳಿನಲ್ಲಿ ಗೆಡ್ಡೆ ಕಂಡಿತು. ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಅಂಗಡಿ ಮುಚ್ಚಿದ ದಿನ ಅಕ್ಕ ನನ್ನನ್ನು ಕೇಳಿದರು: "ನಾನು ಮೊದಲೇ ಬಾಯಿ ಬಿಟ್ಟಿದ್ರೆ ಅವರು ಜಿಪಿ ಡಾಕ್ಟರ್ ಹತ್ರ ಹೋಗ್ತಿದ್ರು, ಉಳೀತಿದ್ರು, ಅಲ್ವಾ? ನೀವು ಡಾಕ್ಟರ್, ನೀವೇ ಹೇಳಿ."

ನಾನು ಅವರ ಕೈ ಹಿಡಿದುಕೊಂಡೆ.